ಎರಡು ದೇಶ ಅಳೆದ ಒಬ್ಬ ತಾಯಿ: ಸ್ಟವಾಂಗರ್ ಪ್ರಕರಣ

2011ರ ಮೇ ತಿಂಗಳಲ್ಲಿ ನಾರ್ವೆಯ ಸ್ಟವಾಂಗರ್ ಊರಿನ ಒಂದು ಬಂಗಾಳಿ ಮನೆಯಿಂದ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ಸಂರಕ್ಷಣಾ ಸೇವೆಯವರು ತೆಗೆದುಕೊಂಡು ಹೋದರು. ಹುಡುಗನಿಗೆ 3 ವರ್ಷ. ಹುಡುಗಿಗೆ 5 ತಿಂಗಳು, ಇನ್ನೂ ಹಾಲು ಕುಡಿಯುವ ಕೂಸು. ತಾಯಿ ಸಾಗರಿಕಾ ಚಕ್ರವರ್ತಿ. ಗಂಡ ಭೂವಿಜ್ಞಾನಿ, ತೈಲ ಉದ್ಯಮದಲ್ಲಿ ಕೆಲಸ. ಮಕ್ಕಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಈಗ ದೊಡ್ಡವರಾಗಿದ್ದಾರೆ, ಕೈತುತ್ತಿನ ಸುದ್ದಿ ಅವರ ಹೆಸರಿಗೆ ಅಂಟಿಕೊಂಡು ಓಡಾಡುವುದು ಬೇಡ.

ನಮ್ಮ ದೇಶದಲ್ಲಿ ಈ ಪ್ರಕರಣ ಒಂದೇ ಸಾಲಿನಲ್ಲಿ ಹರಡಿತು. "ಕೈಯಲ್ಲಿ ಊಟ ಮಾಡಿಸಿದ್ದಕ್ಕೆ ಮಕ್ಕಳನ್ನೇ ಕಿತ್ತುಕೊಂಡರಂತೆ." ವಿದೇಶದಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲೂ ಆಗ ಈ ಮಾತು. ಅಮೆರಿಕದಲ್ಲಿರುವ ಮಗಳಿಗೆ, ಜರ್ಮನಿಯಲ್ಲಿರುವ ಸೊಸೆಗೆ ಬೆಂಗಳೂರಿನಿಂದ, ಶಿವಮೊಗ್ಗದಿಂದ ಫೋನು. "ಅಲ್ಲಿ ಯಾರಾದರೂ ನೋಡ್ತಾ ಇರುವಾಗ ಮಗುವಿಗೆ ಕೈತುತ್ತು ಕೊಡಬೇಡ ಕಣೇ."

ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಓದಿದರೆ ನನ್ನನ್ನು ಜಾಸ್ತಿ ಕಾಡುವುದು ಕೈತುತ್ತಿಗಿಂತ ಬೇರೆ ಒಂದು ವಿಷಯ. ಸಾಗರಿಕಾ ಒಳ್ಳೆಯ ತಾಯಿ ಹೌದೋ ಅಲ್ಲವೋ ಎಂದು ನಾರ್ವೆ ಕೇಳಿತು. ಅವರು ಊರಿಗೆ ಬಂದ ಮೇಲೆ ಅದೇ ಪ್ರಶ್ನೆಯನ್ನು ಇಲ್ಲಿಯವರೂ ಕೇಳಿದರು. ಎರಡೂ ಕಡೆ ಅಳತೆಕೋಲು ಬೇರೆ ಬೇರೆ. ಅಳತೆಗೆ ನಿಂತವಳು ಮಾತ್ರ ಒಬ್ಬಳೇ.

ಮನೆಯೊಳಗೆ

ಮದುವೆ 2007ರಲ್ಲಿ. ಮಗ ಹುಟ್ಟಿದ್ದು 2008ರಲ್ಲಿ. ಮಗು ಬೆಳೆಯುತ್ತಾ ಬಂದಂತೆ ಮಾತು, ನೋಟ, ಇತರರ ಜೊತೆ ಬೆರೆಯುವುದು ಎಲ್ಲದರಲ್ಲೂ ತೊಂದರೆ ಕಾಣಿಸಿತು. ಆಟಿಸಂ ಲಕ್ಷಣ ಇರಬಹುದು ಎಂಬ ಮಾತು ಬಂತು. ಹಠ, ಸಿಟ್ಟು, ತಲೆ ಚಚ್ಚಿಕೊಳ್ಳುವುದು ಇವೆಲ್ಲ ಇತ್ತು. ಈ ಹೊತ್ತಿನಲ್ಲೇ ಸಾಗರಿಕಾ ಮತ್ತೆ ಬಸುರಿಯಾದರು. ಮಗಳು ಹುಟ್ಟಿದ್ದು 2010ರ ಡಿಸೆಂಬರ್‌ನಲ್ಲಿ.

ಸ್ಟವಾಂಗರ್‌ನ ಡಿಸೆಂಬರ್ ಅಂದರೆ ಏನು ಎಂದು ಒಮ್ಮೆ ಯೋಚಿಸಿ. ಅಲ್ಲಿ ಆಗ ಹಗಲು ಇರುವುದೇ ಸುಮಾರು 6 ಗಂಟೆ. ಅದೂ ಮೋಡ, ಮಳೆ. ಗಂಡ ಬೆಳಿಗ್ಗೆ ಕತ್ತಲಲ್ಲಿ ಹೋದರೆ ಕತ್ತಲಾದ ಮೇಲೆಯೇ ಬರುವುದು. ನಡುವೆ ಒಬ್ಬಳು ಹಸಿ ಬಾಣಂತಿ, ವಿಶೇಷ ಗಮನ ಬೇಕಾದ ಒಂದು ಮಗು, ಎರಡು ಗಂಟೆಗೊಮ್ಮೆ ಹಾಲು ಕೇಳುವ ಇನ್ನೊಂದು ಕೂಸು. ಭಾಷೆ ಬೇರೆ. ಪಕ್ಕದ ಮನೆಯವರ ಬಾಗಿಲು ತಟ್ಟಿ "ಒಂದು ಗಳಿಗೆ ಮಗು ನೋಡ್ಕೊಳ್ಳಿ, ಸ್ನಾನ ಮಾಡಿ ಬರ್ತೀನಿ" ಎನ್ನುವ ರೂಢಿ ಅಲ್ಲಿಲ್ಲ.

ನಮ್ಮ ಕಡೆ ಬಾಣಂತಿ ಎಂದರೆ ತವರುಮನೆಯ ನಡುಕೋಣೆ. ಅಮ್ಮ ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಾಳೆ. ಅತ್ತಿಗೆ ಮೆಣಸಿನ ಸಾರು ಮಾಡಿಡುತ್ತಾಳೆ. ಚಿಕ್ಕಮ್ಮ ದೊಡ್ಡ ಮಗುವನ್ನು ಅಂಗಳಕ್ಕೆ ಕರೆದೊಯ್ದು, ಕಾಗೆ ತೋರಿಸಿ ತಿನ್ನಿಸುತ್ತಾಳೆ. ಬಂಗಾಳದಲ್ಲೂ ಇದಕ್ಕಿಂತ ಬಹಳ ಬೇರೆ ಏನಿಲ್ಲ. ನಾಲ್ಕೈದು ಹೆಂಗಸರು ಹಂಚಿಕೊಂಡು ಮಾಡುವ ಈ ಕೆಲಸವನ್ನೆಲ್ಲ ನಾವು "ತಾಯಿ ಮಾಡುವ ಕೆಲಸ" ಎಂದು ಒಬ್ಬಳ ಹೆಸರಿಗೆ ಬರೆದಿದ್ದೇವೆ. ಊರಿನಲ್ಲಿ ಇರುವಾಗ ಇದರ ಭಾರ ಗೊತ್ತಾಗುವುದಿಲ್ಲ. ವಿಮಾನ ಹತ್ತಿದ ಮೇಲೆ ಆ ನಾಲ್ಕೈದು ಹೆಂಗಸರು ಇಲ್ಲೇ ಉಳಿಯುತ್ತಾರೆ. ಅವರು ಮಾಡುತ್ತಿದ್ದುದೆಲ್ಲ ಅವಳೊಬ್ಬಳ ತಲೆಗೆ ಬರುತ್ತದೆ. ಜೊತೆಗೆ ವೀಡಿಯೊ ಕರೆಯಲ್ಲಿ ಅತ್ತೆಯ ಮಾತು: "ಏನಮ್ಮಾ, ಮಗು ಯಾಕೋ ಸೊರಗಿದೆ ಅಲ್ವಾ? ಸರಿಯಾಗಿ ತಿನ್ನಿಸ್ತಾ ಇದ್ದೀಯಾ?" ಅತ್ತೆಯ ಕಾಳಜಿ ಸುಳ್ಳಲ್ಲ. ಆದರೆ ಕೇಳಿಸಿಕೊಳ್ಳುವವಳಿಗೆ ಅದು ಪರೀಕ್ಷೆಯ ಅಂಕ ಓದಿದ ಹಾಗೆ.

ಮಗನನ್ನು ಅಲ್ಲಿನ ಶಿಶುವಿಹಾರಕ್ಕೆ ಹಾಕಿದ್ದರು. ನಾರ್ವೆಯಲ್ಲಿ ಶಿಶುವಿಹಾರದವರು, ಶಿಕ್ಷಕರು, ವೈದ್ಯರು ಮಗುವಿನ ಬಗ್ಗೆ ಗಂಭೀರ ಚಿಂತೆ ಮೂಡಿದರೆ ಮಕ್ಕಳ ಸಂರಕ್ಷಣಾ ಸೇವೆಗೆ ತಿಳಿಸಲೇಬೇಕು. ಅದು ಕಾನೂನು. ಆ ಸೇವೆಗೆ ಅಲ್ಲಿನ ಹೆಸರು ಬಾರ್ನೆವೆರ್ನೆ, ಪ್ರತಿ ಪುರಸಭೆಯಲ್ಲೂ ಇರುತ್ತದೆ. ಹಾಗೆ ಈ ಮನೆಯ ವಿಷಯ ಅವರಿಗೆ ಹೋಯಿತು. ಮನೆಗೆ ಬಂದು ಕೂತು, ತಾಯಿ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂದು ಗಮನಿಸುವ ಕೆಲಸ ಶುರುವಾಯಿತು.

ಈ ಗಮನಿಸುವಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೋಫಾದ ಮೇಲೆ ಅಪರಿಚಿತರು ಕೂತಿದ್ದಾರೆ. ತಾಯಿ ಅನ್ನ ಕಲಸುತ್ತಾಳೆ. ಬೆರಳ ತುದಿಯಲ್ಲಿ ಅದನ್ನು ನುಣ್ಣಗೆ ಕಿವುಚುತ್ತಾಳೆ. ಬಂಗಾಳಿ ಮನೆಯಾದರೆ ಮೀನಿನ ಮುಳ್ಳು ಕೈಗೆ ಸಿಗುತ್ತದಾ ನೋಡುತ್ತಾಳೆ. ನಮ್ಮ ಮನೆಯಾದರೆ ತೊವ್ವೆಯಲ್ಲಿ ಮೆಣಸಿನಕಾಯಿ ಚೂರು ಉಳಿದಿದೆಯಾ ಎಂದು ನೋಡುತ್ತಾಳೆ. ಮಗು ಮುಖ ತಿರುಗಿಸುತ್ತದೆ. ಅವಳು ಇನ್ನೊಂದು ಕೈಯಲ್ಲಿ ಗಲ್ಲ ಹಿಡಿದು ತುತ್ತು ಇಡುತ್ತಾಳೆ. ನಮ್ಮ ಕಣ್ಣಿಗೆ ಇದು ಹಟ ಮಾಡುವ ಮಗುವಿಗೂ ಹಸಿವೆಯಾಗದಂತೆ ನೋಡಿಕೊಳ್ಳುವ ತಾಯಿ. ಸೋಫಾದಲ್ಲಿ ಕೂತವರ ಕಣ್ಣಿಗೆ, ಬೇಡ ಎಂದ ಮಗುವಿನ ಬಾಯಿಗೆ ಒತ್ತಾಯದಿಂದ ಊಟ ತುರುಕುವುದು. ಅಲ್ಲಿ ವರ್ಷ ತುಂಬುವ ಮೊದಲೇ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ತಟ್ಟೆ ಮುಂದೆ ಇಡುತ್ತಾರೆ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ಚೆಲ್ಲಿದರೂ ಪರವಾಗಿಲ್ಲ, ತಾನೇ ತಿನ್ನುವುದು ಕಲಿಯಬೇಕು. ಬೇಡ ಅಂದರೆ ಅಲ್ಲಿಗೆ ಊಟ ಮುಗಿಯಿತು.

ಎರಡು ರೀತಿಯಲ್ಲೂ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ತೊಂದರೆ ಆಗುವುದು ಒಂದು ರೀತಿಯನ್ನು ಬಿಟ್ಟು ಬೇರೆಲ್ಲ ತಪ್ಪು ಎಂದು ಕಾಗದದಲ್ಲಿ ಬರೆದಾಗ.

ಹೆತ್ತವರು ಮಾಧ್ಯಮಕ್ಕೆ ಹೇಳಿದ ಪ್ರಕಾರ ಅವರ ಮೇಲಿದ್ದ ಆಕ್ಷೇಪಗಳು ಇವು: ಕೈಯಲ್ಲಿ ತಿನ್ನಿಸುವುದು, ಮಗನಿಗೆ ಬೇರೆ ಹಾಸಿಗೆ ಇಲ್ಲದೆ ದೊಡ್ಡವರ ಜೊತೆ ಮಲಗಿಸುವುದು, ವಯಸ್ಸಿಗೆ ತಕ್ಕ ಆಟಿಕೆ ಬಟ್ಟೆ ಇಲ್ಲದಿರುವುದು, ಒಮ್ಮೆ ಏಟು ಕೊಟ್ಟದ್ದು. ಸ್ಟವಾಂಗರ್‌ನ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಸಂಸ್ಕೃತಿಯ ವ್ಯತ್ಯಾಸಕ್ಕಾಗಿ ಮಕ್ಕಳನ್ನು ತೆಗೆದುಕೊಂಡಿಲ್ಲ, ಪೂರ್ತಿ ಕಾರಣ ಹೇಳಲು ಗೋಪ್ಯತೆಯ ಕಾನೂನು ಬಿಡುವುದಿಲ್ಲ ಎಂದರು. 2023ರಲ್ಲಿ ಈ ಪ್ರಕರಣ ಆಧರಿಸಿದ ಹಿಂದಿ ಸಿನಿಮಾ ಬಂದಾಗ ಭಾರತದಲ್ಲಿದ್ದ ನಾರ್ವೆಯ ರಾಯಭಾರಿಯೂ ಇದನ್ನೇ ಹೇಳಿದರು. ಕೈಯಲ್ಲಿ ತಿನ್ನಿಸುವುದಾಗಲಿ, ಜೊತೆಗೆ ಮಲಗಿಸುವುದಾಗಲಿ ತಮ್ಮಲ್ಲಿ ತಪ್ಪಲ್ಲ ಎಂದರು.

ಅಧಿಕಾರಿಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಮನೆಯಲ್ಲಿ ನಿಜವಾದ ಕಷ್ಟ ಇತ್ತು. ದಂಪತಿ ನಡುವೆ ಹೊಂದಾಣಿಕೆ ಇರಲಿಲ್ಲ, ತಾಯಿ ದಣಿದಿದ್ದಳು, ಮಗುವಿಗೆ ವಿಶೇಷ ನೆರವು ಬೇಕಿತ್ತು. ಆದರೆ ಕಷ್ಟದಲ್ಲಿರುವ ಮನೆಗೆ ಕೈಜೋಡಿಸುವುದು ಒಂದು ಕೆಲಸ, ಎದೆಹಾಲಿನ ಕೂಸನ್ನು ಎತ್ತಿಕೊಂಡು ಹೋಗುವುದು ಇನ್ನೊಂದು ಕೆಲಸ. ದಣಿದ ಬಾಣಂತಿಗೆ ನಿದ್ದೆ ಬೇಕಿತ್ತು, ಇನ್ನೆರಡು ಕೈ ಬೇಕಿತ್ತು. ಪ್ರಪಂಚದ ಯಾವ ದೇಶದಲ್ಲಾದರೂ ಇದು ತಿಳಿಯದ ವಿಷಯವಲ್ಲ.

ಅಲ್ಲಿನ ಅಳತೆ

ನಾರ್ವೆಯನ್ನು ರಾಕ್ಷಸರ ದೇಶ ಮಾಡಿ ತೋರಿಸುವುದು ಸುಲಭ, ಅದು ನ್ಯಾಯವಲ್ಲ. ಮಕ್ಕಳಿಗೆ ಹೊಡೆಯುವುದನ್ನು ಮನೆಯೊಳಗೂ ನಿಷೇಧಿಸಿದ ಮೊದಲ ದೇಶ ಸ್ವೀಡನ್, 1979ರಲ್ಲಿ. ನಾರ್ವೆ 1987ರಲ್ಲಿ ಅದೇ ದಾರಿ ಹಿಡಿಯಿತು. ಮಗು ಅಪ್ಪ ಅಮ್ಮನ ಸ್ವತ್ತಲ್ಲ, ಅದಕ್ಕೆ ಅದರದ್ದೇ ಹಕ್ಕಿದೆ ಎನ್ನುವುದು ಆ ಸಮಾಜ ಮನಸಾರೆ ನಂಬಿರುವ ಮಾತು. "ದಂಡಂ ದಶಗುಣಂ" ಎಂದು ಬೆತ್ತ ಹಿಡಿಯುವ ನಮ್ಮವರು ಅವರಿಂದ ಕಲಿಯುವುದು ಬೇಕಾದಷ್ಟಿದೆ.

ಇದಕ್ಕೆ ನಾರ್ವೆಯದೇ ಇನ್ನೊಂದು ಪ್ರಕರಣ ನೋಡಿ. 2012ರ ಡಿಸೆಂಬರ್‌ನಲ್ಲಿ ಓಸ್ಲೋ ನ್ಯಾಯಾಲಯ ಆಂಧ್ರ ಮೂಲದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಗೆ 18 ತಿಂಗಳು, ಅವರ ಹೆಂಡತಿಗೆ 15 ತಿಂಗಳು ಜೈಲು ವಿಧಿಸಿತು. ಮಗನಿಗೆ ಹಿಂಸೆ ಕೊಟ್ಟ ಆರೋಪ ಸಾಬೀತಾಗಿತ್ತು. ಆಗಲೂ ನಮ್ಮಲ್ಲಿ ಹಲವರು "ನಮ್ಮ ಸಂಸ್ಕೃತಿ ಅವರಿಗೆ ಅರ್ಥವಾಗಲ್ಲ" ಎಂದೇ ಕೂಗಿದರು. ಮಗುವಿಗೆ ಹಿಂಸೆ ಕೊಡುವುದು ಯಾರ ಸಂಸ್ಕೃತಿಯೂ ಅಲ್ಲ. ಸ್ಟವಾಂಗರ್ ಮತ್ತು ಓಸ್ಲೋ ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಸಾಗರಿಕಾರಂಥವರಿಗೇ ಅನ್ಯಾಯ.

ಹಾಗಾದರೆ ನಾರ್ವೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ತಾಯ್ತನವನ್ನು ಅಳೆಯಲು ಇಟ್ಟುಕೊಂಡ ಕೋಲಿನಲ್ಲಿ. ತಾಯಿ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳಾ? ಅದು ಅತ್ತ ಕೂಡಲೇ ಸಮಾಧಾನ ಮಾಡುತ್ತಾಳಾ? ದಿನಚರಿ ಕ್ರಮವಾಗಿದೆಯಾ? ಮಗು ಅವಳಿಗೆ ಸರಿಯಾಗಿ ಅಂಟಿಕೊಂಡಿದೆಯಾ? ಒಬ್ಬ ತಾಯಿ, ಒಂದು ಮಗು, ಅವರಿಬ್ಬರ ನಡುವಿನ ಬಂಧ. ಇಡೀ ಚಿತ್ರ ಇಷ್ಟೇ. ಈ ವಿಚಾರದ ಬೇರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ ಅವರ ಸಂಶೋಧನೆಯಲ್ಲಿದೆ. ಏನ್ಸ್‌ವರ್ತ್ ಮೊದಲು ತಾಯಿ ಮಕ್ಕಳನ್ನು ಮನೆಮನೆಗೆ ಹೋಗಿ ಗಮನಿಸಿದ್ದು ಆಫ್ರಿಕಾದ ಉಗಾಂಡದಲ್ಲಿ. ಅಷ್ಟು ದೂರ ತಿರುಗಾಡಿ ಬಂದ ವಿದ್ಯೆ ಯುರೋಪಿನ ಕಚೇರಿಗಳಲ್ಲಿ ಕೆಲವೊಮ್ಮೆ ಬರೀ ಟಿಕ್ ಹಾಕುವ ಪಟ್ಟಿಯಾಗಿಬಿಡುತ್ತದೆ.

ಅಜ್ಜಿಯ ತೊಡೆ, ಅತ್ತೆಯ ಸೊಂಟ, ಪಕ್ಕದ ಮನೆಯ ಅಕ್ಕನ ಹೆಗಲು ಹೀಗೆ ಹತ್ತು ಕಡೆ ಬೆಳೆಯುವ ಮಗು ಈ ಪಟ್ಟಿಯಲ್ಲಿ ಹೇಗೆ ಕಾಣಬೇಕು? ಆ ಹತ್ತು ಕಡೆಗಳನ್ನು ಕಳೆದುಕೊಂಡ ತಾಯಿ ಹೇಗೆ ಕಾಣಬೇಕು? ಆಟಿಸಂ ಲಕ್ಷಣವಿರುವ ಮಗು ಸಹಜವಾಗಿಯೇ ಕಣ್ಣು ತಪ್ಪಿಸುತ್ತದೆ. ಅದನ್ನೂ ತಾಯಿಯ ಲೆಕ್ಕಕ್ಕೆ ಬರೆದರೆ?

ಇದು ಭಾರತದವರ ದೂರು ಮಾತ್ರವಲ್ಲ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರ ಸೆಪ್ಟೆಂಬರ್‌ನಲ್ಲಿ, ನಾರ್ವೆಯದೇ ಒಬ್ಬ ತಾಯಿಯ ಪ್ರಕರಣದಲ್ಲಿ, ನಾರ್ವೆ ಕುಟುಂಬದ ಹಕ್ಕನ್ನು ಮುರಿದಿದೆ ಎಂದು ತೀರ್ಪು ಕೊಟ್ಟಿತು. 2021ರ ಡಿಸೆಂಬರ್‌ನಲ್ಲಿ ಸೊಮಾಲಿಯಾದಿಂದ ಬಂದಿದ್ದ ಒಬ್ಬ ಮುಸ್ಲಿಂ ತಾಯಿಯ ಪ್ರಕರಣದಲ್ಲೂ ಅದೇ ಹೇಳಿತು. ಅವಳ ಮಗನನ್ನು ಕ್ರೈಸ್ತ ಕುಟುಂಬಕ್ಕೆ ಕೊಟ್ಟು, ದತ್ತು ಹೋಗಲೂ ಬಿಟ್ಟಿದ್ದರು. ನಾರ್ವೆ ತನ್ನ ಹಳೆಯ 1992ರ ಮಕ್ಕಳ ಸಂರಕ್ಷಣಾ ಕಾಯ್ದೆಯನ್ನು ಬದಲಿಸಿ 2023ರ ಜನವರಿಯಿಂದ ಹೊಸದನ್ನು ತಂದಿದೆ.

ದೆಹಲಿಯ ಬೀದಿ, ಮಂಡ್ಯದ ಮಂತ್ರಿ

ಸ್ಟವಾಂಗರ್‌ನಲ್ಲಿ ಸಂಬಂಧಪಟ್ಟ ಮಂಡಳಿ, ಮಕ್ಕಳು 18 ತುಂಬುವವರೆಗೆ ಸಾಕುಮನೆಯಲ್ಲೇ, ಅಂದರೆ ಅವರನ್ನು ನೋಡಿಕೊಳ್ಳಲು ಗೊತ್ತುಮಾಡಿದ ಬೇರೆ ಕುಟುಂಬದಲ್ಲೇ, ಇರಲಿ ಎಂದಿತು. ಹೆತ್ತವರು ನೋಡಬಹುದಾದದ್ದು ವರ್ಷಕ್ಕೆ 3 ಸಲ, ಒಂದೊಂದು ಗಂಟೆ ಎಂದು ಆಗ ವರದಿಯಾಗಿತ್ತು. ವರ್ಷಕ್ಕೆ 3 ಗಂಟೆ. ಆ ಕೂಸಿಗೆ ತಾಯಿಯ ಮುಖ ನೆನಪಿರುತ್ತದಾ?

2012ರ ಆರಂಭದಲ್ಲಿ ವಿಷಯ ದೆಹಲಿಗೆ ಮುಟ್ಟಿತು. ಅಜ್ಜ ಅಜ್ಜಿಯರು ನಾರ್ವೆಯ ರಾಯಭಾರ ಕಚೇರಿ ಮುಂದೆ ಧರಣಿ ಕೂತರು. ಬೃಂದಾ ಕಾರಟ್ ಅವರಂಥ ನಾಯಕರು ಬೆಂಬಲಕ್ಕೆ ಬಂದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಎಸ್. ಎಂ. ಕೃಷ್ಣ. ಅವರು ನಾರ್ವೆಯ ವಿದೇಶಾಂಗ ಸಚಿವ ಯೋನಾಸ್ ಗಾರ್ ಸ್ಟೋರೆ ಜೊತೆ ನೇರವಾಗಿ ಮಾತಾಡಿದರು. ತಮ್ಮ ಸಚಿವಾಲಯದ ಹಿರಿಯ ಅಧಿಕಾರಿಯನ್ನು ವಿಶೇಷ ದೂತನಾಗಿ ಕಳಿಸಿದರು. ಮಕ್ಕಳು ಭಾರತದ ಪ್ರಜೆಗಳು, ಅವರ ಊರಲ್ಲಿ, ಅವರ ಭಾಷೆಯಲ್ಲಿ ಬೆಳೆಯಲಿ ಎನ್ನುವುದು ಭಾರತದ ವಾದ.

ಈ ಪ್ರಜೆ ಎನ್ನುವ ಅಂಶ ಮುಖ್ಯ. ನಾರ್ವೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಆದ್ದರಿಂದ ಇಬ್ಬರೂ ಮಕ್ಕಳು ಭಾರತೀಯರಾಗಿಯೇ ಉಳಿದಿದ್ದರು, ದೆಹಲಿಗೆ ಕೇಳುವ ಹಕ್ಕಿತ್ತು. ವಿದೇಶದಲ್ಲಿರುವ ನಮ್ಮ ಕನ್ನಡದ ಮನೆಗಳ ಎಷ್ಟೋ ಮಕ್ಕಳು ಹುಟ್ಟುವುದು ಅಮೆರಿಕದಲ್ಲಿ. ಅಲ್ಲಿ ಹುಟ್ಟಿದ ಕೂಡಲೇ ಅಮೆರಿಕದ ಪ್ರಜೆ ಎನ್ನುವುದೇ ಈವರೆಗಿನ ರೂಢಿ. ಕೈಯಲ್ಲಿ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ಭಾರತದ ಪೌರತ್ವವಲ್ಲ. ಅಂಥ ಮಗುವಿನ ವಿಷಯದಲ್ಲಿ ನಮ್ಮ ದೂತಾವಾಸಕ್ಕೆ ಇಷ್ಟು ಗಟ್ಟಿಯಾಗಿ ಮಾತಾಡುವ ಜಾಗ ಇರುವುದಿಲ್ಲ.

ಕೊನೆಗೆ ಒಂದು ಒಪ್ಪಂದ ಆಯಿತು. ಮಕ್ಕಳು ಭಾರತಕ್ಕೆ ಹೋಗಲಿ, ಆದರೆ ಅಪ್ಪ ಅಮ್ಮನ ಕೈಗಲ್ಲ, ಅಪ್ಪನ ತಮ್ಮನ ಕೈಗೆ. ಆತ ದಂತವೈದ್ಯ. 2012ರ ಏಪ್ರಿಲ್‌ನಲ್ಲಿ ಸ್ಟವಾಂಗರ್ ನ್ಯಾಯಾಲಯ ಇದಕ್ಕೆ ಒಪ್ಪಿತು. ಅದೇ ತಿಂಗಳು ಮಕ್ಕಳು ಚಿಕ್ಕಪ್ಪನ ಜೊತೆ ದೆಹಲಿಯಲ್ಲಿ ಇಳಿದರು. ಸುದ್ದಿವಾಹಿನಿಗಳು ಸಂಭ್ರಮಿಸಿದವು. ನಮ್ಮಲ್ಲಿ ಬಹಳ ಜನರ ಪಾಲಿಗೆ ಕತೆ ಅಲ್ಲಿಗೇ ಮುಗಿಯಿತು.

ಇಲ್ಲಿನ ಅಳತೆ

ತಾಯಿಯ ಪಾಲಿಗೆ ಮುಗಿದಿರಲಿಲ್ಲ. ಮಾರ್ಚ್‌ನಲ್ಲೇ ದಂಪತಿ ನಡುವಿನ ಬಿರುಕು ಪತ್ರಿಕೆಗಳಲ್ಲಿ ಬಂದಿತ್ತು. ಸಾಗರಿಕಾರ ಮನಸ್ಸು ಸರಿಯಿಲ್ಲ ಎಂಬ ಮಾತು ಮನೆಯ ಕಡೆಯಿಂದಲೇ ಹೊರಬಂತು. ಅವರು ಗಂಡನಿಂದ ದೂರವಾಗಿ ತವರಿಗೆ ಬಂದರು. ಮಕ್ಕಳು ಗಂಡನ ಮನೆಯವರ ಹತ್ತಿರ, ಪಶ್ಚಿಮ ಬಂಗಾಳದ ಆಗಿನ ಬರ್ಧಮಾನ್ ಜಿಲ್ಲೆಯ ಕುಲ್ಟಿಯಲ್ಲಿ. ತಾಯಿ ಕೋಲ್ಕತ್ತದಲ್ಲಿ. ಒಂದೇ ರಾಜ್ಯ, ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಆದರೂ ಮಕ್ಕಳನ್ನು ನೋಡಲು ಅವರು ಪಟ್ಟ ಪಾಡು ಸಣ್ಣದಲ್ಲ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನಿಲ್ಲುವುದು ಇಲ್ಲಿ. ಕೆಲವೇ ತಿಂಗಳ ಹಿಂದೆ ಇಡೀ ದೇಶ "ತಾಯಿಯಿಂದ ಮಕ್ಕಳನ್ನು ಕಿತ್ತುಕೊಂಡರು" ಎಂದು ಕಣ್ಣೀರು ಹಾಕಿತ್ತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎನ್ನುವವರು ನಾವು. ಅದೇ ಮಕ್ಕಳು ನಮ್ಮ ನೆಲಕ್ಕೆ ಬಂದ ಮೇಲೆ ತಾಯಿಯ ಹತ್ತಿರ ಇರಲಿಲ್ಲ, ಆಗ ಧರಣಿ ಕೂತವರು ಎಷ್ಟು ಜನ? ಹಿಂದೂ ಅಪ್ರಾಪ್ತ ಮತ್ತು ಪಾಲಕತ್ವ ಕಾಯ್ದೆ 1956ರದು. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದು ಅದರ 6ನೇ ಕಲಮು ಹೇಳುತ್ತದೆ. ಇಬ್ಬರೂ ಮಕ್ಕಳಿಗೆ ಆಗ 5 ತುಂಬಿರಲಿಲ್ಲ. ಚಿಕ್ಕವಳಿಗೆ ಇನ್ನೂ ಎರಡೂ ಆಗಿರಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ನಮ್ಮ ಕಲ್ಪನೆಯ ತಾಯಿಗೆ ಒಂದು ರೂಪ ಇದೆ. ಅವಳು ಸಹಿಸುತ್ತಾಳೆ. ಗಂಡನ ಜೊತೆ ಹೊಂದಿಕೊಂಡು ಹೋಗುತ್ತಾಳೆ. ಅತ್ತೆ ಮನೆಯ ಮಾತು ಹೊರಗೆ ಹಾಕುವುದಿಲ್ಲ. ದಣಿವಾದರೆ ಹೇಳುವುದಿಲ್ಲ, ಹೇಳಿದರೂ "ಎಲ್ಲರೂ ಹೆತ್ತಿಲ್ವಾ?" ಎಂಬ ಉತ್ತರ ತಯಾರಿರುತ್ತದೆ. ಗಂಡನನ್ನು ಬಿಟ್ಟು ಬಂದವಳು, ಸಿಟ್ಟು ತೋರಿಸಿದವಳು, ಟೀವಿ ಮುಂದೆ ಅತ್ತವಳು ಆ ರೂಪಕ್ಕೆ ಹೊಂದುವುದಿಲ್ಲ. ಕೂಡಲೇ "ಅವಳ ತಲೆ ಸರಿಯಿಲ್ಲ" ಎನ್ನುತ್ತೇವೆ. ನಾರ್ವೆಯವರು ವರದಿಯ ಭಾಷೆಯಲ್ಲಿ ಹೇಳಿದ್ದನ್ನೇ ನಾವು ಮನೆ ಮಾತಿನಲ್ಲಿ ಹೇಳಿದೆವು. ಹೆಂಗಸೊಬ್ಬಳು ಹೆರಿಗೆಯ ನಂತರ ಕುಗ್ಗಿಹೋಗಬಹುದು, ಅದಕ್ಕೆ ಔಷಧಿ ಇದೆ, ಆರೈಕೆ ಇದೆ, ಅದು ವಾಸಿಯಾಗುತ್ತದೆ ಎನ್ನುವುದು ಎರಡೂ ಕಡೆ ಮರೆತುಹೋಯಿತು.

ಸಾಗರಿಕಾ ಬಿಡಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದರು. ತಾನು ಆರೋಗ್ಯವಾಗಿದ್ದೇನೆ ಎಂದು ತೋರಿಸಲು ವೈದ್ಯರ ಪರೀಕ್ಷೆಗೂ ಒಳಗಾದರು. ಸಮಿತಿ ತಾಯಿಯ ಪರ ಹೇಳಿತು. ಆದರೂ ಮಕ್ಕಳು ಕೈಗೆ ಬರಲಿಲ್ಲ. ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲು ಹತ್ತಿದರು. ದೆಹಲಿಯ ವಕೀಲೆ ಸುರಣ್ಯಾ ಅಯ್ಯರ್ ಈ ಹೋರಾಟದ ಉದ್ದಕ್ಕೂ ಜೊತೆಗಿದ್ದರು. 2013ರ ಜನವರಿಯಲ್ಲಿ ನ್ಯಾಯಮೂರ್ತಿ ದೀಪಂಕರ್ ದತ್ತ ಅವರು ಮಕ್ಕಳನ್ನು ತಾಯಿಗೆ ಒಪ್ಪಿಸಲು ಆದೇಶಿಸಿದರು. ಅಪ್ಪನ ಕಡೆಯವರಿಗೆ ಬಂದು ನೋಡುವ ಅವಕಾಶ ಉಳಿಯಿತು. ಮಕ್ಕಳು ಮನೆ ಬಿಟ್ಟು ಆಗಲೇ ಒಂದೂವರೆ ವರ್ಷ ದಾಟಿತ್ತು.

ಆಮೇಲೆ ಸಾಗರಿಕಾ ಮತ್ತೆ ಓದಿದರು, ಕೆಲಸಕ್ಕೆ ಸೇರಿದರು, ಮಕ್ಕಳನ್ನು ಬೆಳೆಸಿದರು. ಯಾವ ಎರಡು ಕಡೆ ಅವರನ್ನು "ಆಗಲ್ಲ" ಎಂದಿದ್ದರೋ, ಆ ಕೆಲಸವನ್ನು ಒಬ್ಬರೇ ಮಾಡಿದರು.

ಅಪ್ಪನ ಲೆಕ್ಕ

ಈ ಪ್ರಕರಣದ ಬಗ್ಗೆ ಬಂದ ಸುದ್ದಿ, ಚರ್ಚೆಗಳನ್ನು ಓದುತ್ತಾ ಹೋದರೆ ಒಂದು ಪ್ರಶ್ನೆ ಎಲ್ಲೂ ಸರಿಯಾಗಿ ಎದುರಾಗುವುದಿಲ್ಲ. ಮಗುವಿಗೆ ತಿನ್ನಿಸುವುದು ಹೇಗೆ ಎಂದು ತಾಯಿಯನ್ನು ಕೇಳಿದರು. ಅಪ್ಪ ದಿನಕ್ಕೆ ಎಷ್ಟು ಸಲ ತಿನ್ನಿಸುತ್ತಿದ್ದರು? ರಾತ್ರಿ ಕೂಸು ಎದ್ದಾಗ ಎದ್ದವರು ಯಾರು? ಆ ಒಬ್ಬ ಅಪ್ಪನನ್ನು ದೂರಲು ನಾನು ಇದನ್ನು ಕೇಳುತ್ತಿಲ್ಲ. ವಿದೇಶದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ನಡೆ. ಗಂಡನ ಕೆಲಸದ ವೀಸಾ, ಹೆಂಡತಿ ಅವನ ಅವಲಂಬಿತೆ. ಅವನು ಕೆಲಸ ಕಳೆದುಕೊಂಡರೆ ಎಲ್ಲರೂ ಊರಿಗೆ ವಾಪಸ್. ಹಾಗಾಗಿ ಅವನ ನಿದ್ದೆ, ಅವನ ಮೀಟಿಂಗ್ ಮೊದಲು. ಉಳಿದದ್ದು ಅವಳದು.

ನಾರ್ವೆಯಲ್ಲಿ ಅಪ್ಪಂದಿರಿಗೆ ಮೀಸಲಾದ ಪಿತೃತ್ವ ರಜೆ 1993ರಲ್ಲೇ ಶುರುವಾಯಿತು, ಆಗ 4 ವಾರ. ಅಲ್ಲಿನ ಬೀದಿಯಲ್ಲಿ ಹಗಲು ಹೊತ್ತು ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ಗಂಡಸರು ಸಾಮಾನ್ಯ ದೃಶ್ಯ. ಆದರೆ ಆ ರಜೆಯ ಹಕ್ಕು ಬಹಳ ಕಾಲ ತಾಯಿ ಕೆಲಸದಲ್ಲಿದ್ದಾಳಾ ಎನ್ನುವುದಕ್ಕೆ ಕಟ್ಟಿಹಾಕಿತ್ತು. ಮನೆಯಲ್ಲೇ ಇರುವ ಸಾಗರಿಕಾರಂಥ ತಾಯಿಯ ಗಂಡನಿಗೆ ಅದು ಸಲೀಸಾಗಿ ಸಿಗುವಂತೆ ಇರಲಿಲ್ಲ. ಯಾರಿಗೆ ಇನ್ನೆರಡು ಕೈ ಜಾಸ್ತಿ ಬೇಕಿತ್ತೋ ಅವರ ಮನೆಗೇ ಅದು ಮುಟ್ಟಲಿಲ್ಲ. ಈ ಷರತ್ತನ್ನು ನಾರ್ವೆ 2022ರಲ್ಲಿ ಸ್ವಲ್ಪ ಸಡಿಲಿಸಿದೆ.

ಅಜ್ಜಿಯರ ಬಗ್ಗೆಯೂ ಒಂದು ಮಾತು. ಅಮೆರಿಕಕ್ಕೆ ಬಾಣಂತನ ಮಾಡಲು ಹೋಗುವ ನಮ್ಮ ಅಮ್ಮಂದಿರಿಗೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಅವರ ಚೀಲದಲ್ಲಿ ಬಜೆ, ಜಾಯಿಕಾಯಿ, ಕೊಬ್ಬರಿ ಎಣ್ಣೆ, ಅಂಟಿನುಂಡೆ. ಒಬ್ಬರ ಅಮ್ಮ ವಾಪಸ್ ಬರುವ ಹೊತ್ತಿಗೆ ಇನ್ನೊಬ್ಬರ ಅಮ್ಮ ಹೊರಡುವಂತೆ ಬೀಗರಿಬ್ಬರೂ ಕೂತು ಲೆಕ್ಕ ಹಾಕುತ್ತಾರೆ. ನಾರ್ವೆ, ಜರ್ಮನಿಯಂಥ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಲ್ಲಿ, ಸಂದರ್ಶಕರ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ, ನಿದ್ದೆಗೆಟ್ಟು ತಾಯಿ ನಿಜವಾಗಿ ಸೋಲುವ ಸಮಯಕ್ಕೆ, ಅಜ್ಜಿ ವಿಮಾನ ಹತ್ತಬೇಕು. ಯುರೋಪಿಗೆ ಹೋಗುವ ಗಂಡ ಹೆಂಡತಿ ಈ ಲೆಕ್ಕವನ್ನು ಬಸುರಿನಲ್ಲೇ ಹಾಕಿಕೊಳ್ಳಬೇಕು. ಆ 90 ದಿನ ಮುಗಿದ ಮೇಲೆ ರಾತ್ರಿ ಯಾರು ಏಳುವುದು ಎಂದು ಗಂಡನ ಜೊತೆ ಮೊದಲೇ ಮಾತಾಡಿಕೊಳ್ಳಬೇಕು.

ಶಿಶುವಿಹಾರದಿಂದ, ಆಸ್ಪತ್ರೆಯಿಂದ ಒಂದು ಪತ್ರ ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳುವುದೂ ಬೇಡ, ಸುಮ್ನೆ ತಲೆಯಾಡಿಸಿ ಎಲ್ಲಕ್ಕೂ ಸಹಿ ಹಾಕುವುದೂ ಬೇಡ. ದುಭಾಷಿ ಬೇಕು ಎಂದು ಕೇಳುವುದು ಹಕ್ಕು. ಅರೆಬರೆ ಇಂಗ್ಲಿಷಿನಲ್ಲಿ ಮಗುವಿನ ಭವಿಷ್ಯದ ಮಾತು ಆಡಬಾರದು. ನಾರ್ವೆಯಲ್ಲಿ ಇಂಥ ಪ್ರಕರಣ ಮಂಡಳಿಯ ಮುಂದೆ ಹೋದಾಗ ಹೆತ್ತವರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಮಗುವಾದರೆ ರಾಯಭಾರ ಕಚೇರಿಗೆ ಮೊದಲ ದಿನವೇ ತಿಳಿಸಬೇಕು. ಮಗುವಿಗೆ ಹೊಸ ಪಾಲಕರನ್ನು ನೇಮಿಸುವ ಪ್ರಸಂಗ ಬಂದರೆ ಆ ಮಗುವಿನ ದೇಶದ ದೂತಾವಾಸಕ್ಕೆ ತಿಳಿಸಬೇಕು ಎಂದು ದೂತಾವಾಸಗಳ ಕೆಲಸದ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಸಾಗರಿಕಾ ಪ್ರಕರಣ ದೆಹಲಿಯಲ್ಲಿ ದೊಡ್ಡ ಸುದ್ದಿಯಾಗುವ ಹೊತ್ತಿಗೆ ಎಂಟೊಂಬತ್ತು ತಿಂಗಳು ಕಳೆದಿತ್ತು. ಸಾಕುಮನೆಯಲ್ಲಿ ಕಳೆಯುವ ಪ್ರತಿ ತಿಂಗಳೂ "ಮಗು ಈಗ ಇಲ್ಲಿಗೇ ಹೊಂದಿಕೊಂಡಿದೆ" ಎಂಬ ವಾದಕ್ಕೆ ಬಲ ಕೊಡುತ್ತದೆ. ಬರ್ಲಿನ್‌ನಲ್ಲಿ 2021ರ ಸೆಪ್ಟೆಂಬರ್‌ನಲ್ಲಿ 7 ತಿಂಗಳ ಕೂಸಾಗಿದ್ದಾಗ ಸರ್ಕಾರದ ವಶಕ್ಕೆ ಹೋದ ಗುಜರಾತಿ ದಂಪತಿಯ ಮಗಳ ವಿಷಯದಲ್ಲೂ ಇದೇ ಆಯಿತು. 2023ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಅವಳನ್ನು ಹೆತ್ತವರಿಗೆ ಒಪ್ಪಿಸಲು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಆ ಮಗು ಮಾತು ಕಲಿಯುವ ವಯಸ್ಸಿನಲ್ಲಿತ್ತು, ಅದರ ಸುತ್ತ ಇದ್ದ ಭಾಷೆ ಜರ್ಮನ್.